ಮೂರನೆಯವಳು ಕುಳಿತ ಜಾಗ

ಬಿಳಿಚೋಡು
14 ಜುಲೈ 2025

ಶಾಯಿಸ್ತಾ ಮೇಡಂ ಅವರಿಗೆ,

ಇದನ್ನು ಬರೆಯುತ್ತಿರುವವಳು ಗೋವಿನಕೋವಿಯ ಓಬಣ್ಣನ ಮಗಳು ಲಕ್ಷ್ಮೀದೇವಿ. ನ್ಯಾಮತಿಯಲ್ಲಿ ಹತ್ತನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಜೊತೆ ರಿಲೇ ಓಡುತ್ತಿದ್ದವಳು ಎಂದರೆ ಗುರುತು ಸಿಗಬಹುದು.

ನಮ್ಮ ಅವ್ವ ಲಕ್ಷ್ಮಕ್ಕನಿಗೆ ನ್ಯಾಮತಿ ಸಂತೆಯಲ್ಲಿ ನಿಮ್ಮ ತಾಯಿ ಮುಮ್ತಾಜಮ್ಮ ಸಿಕ್ಕಿದ್ದರಂತೆ. ನೀವು ಚನ್ನಗಿರಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೀರಿ ಎಂದು ಕೇಳಿ ಸಂತೋಷವಾಯಿತು. ವಿಳಾಸದ ಜೊತೆ ಫೋನ್ ನಂಬರನ್ನೂ ಕೊಟ್ಟಿದ್ದಾರೆ. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಇಪ್ಪತ್ತೆರಡು ವರ್ಷ ಮಾತಾಡದವರ ಜೊತೆ ಫೋನಿನಲ್ಲಿ ಎಲ್ಲಿಂದ ಶುರು ಮಾಡುವುದು ಗೊತ್ತಾಗಲಿಲ್ಲ. ಅದಕ್ಕೇ ಕಾಗದ.

ನನ್ನ ಮನೆಯವರು ತಿಪ್ಪೇಶ್, ಕುರಿ ಸಾಕಿದ್ದಾರೆ. ನಾನು ಇಲ್ಲಿನ ಒಂದು ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತೇನೆ. ಒಬ್ಬಳೇ ಮಗಳು, ಧನುಶ್ರೀ. ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಅವಳು ಓಡುತ್ತಾಳೆ. ಓಡು ಎಂದು ನಾನು ಹೇಳಿದವಳಲ್ಲ. ನಾನು ಒಂದು ಕಾಲಕ್ಕೆ ಓಡುತ್ತಿದ್ದೆ ಎಂಬುದನ್ನೇ ಅವಳಿಗೆ ಹೇಳಿರಲಿಲ್ಲ.

ಕಳೆದ ತಿಂಗಳು ಅಡಿಗೆ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಎಂಟುನೂರು ಮೀಟರ್ ಅಭ್ಯಾಸ. ಎಲ್ಲರಿಗಿಂತ ಮುಂದಿದ್ದಳು. ಇದ್ದಕ್ಕಿದ್ದ ಹಾಗೆ ಹೆಜ್ಜೆ ಸಣ್ಣದಾಯಿತು. ಎರಡೂ ಕೈಯಲ್ಲಿ ತೊಡೆ ಹಿಡಿದುಕೊಂಡಳು. ಕೂತುಬಿಟ್ಟಳು. ಪಿ.ಟಿ. ಮಾಸ್ತರು ಕೊಟ್ರೇಶ್ ಸರ್ ಕೆಟ್ಟವರಲ್ಲ. ಮೂರು ಸಲ ಏಳು ಎಂದರು. ಏಳದಿದ್ದಾಗ ಉಳಿದ ಮಕ್ಕಳ ಕಡೆ ತಿರುಗಿ, "ಇವಳಿಗೆ ಮೈಯಾಗೆ ಏನೂ ಆಗಿಲ್ಲ. ಮನಸ್ಸಿಲ್ಲ, ಅಷ್ಟೆ," ಎಂದರು. ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಹೊರಗೆ ಓಡಿ ಹೋಗಬೇಕಿತ್ತು. ನಿಂತಲ್ಲೇ ನಿಂತೆ.

ಮನೆಗೆ ಬಂದು ಮುಟ್ಟಿ ನೋಡಿದರೆ ತೊಡೆ ಕಲ್ಲಿನ ಹಾಗಿತ್ತು. ಸಂಜೆ ಮೂತ್ರ ಚಹಾದ ಡಿಕಾಕ್ಷನ್ ಬಣ್ಣ. ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ರಘುನಾಥ ಅವರು ನಿಧಾನವಾಗಿ ಎಲ್ಲ ಕೇಳಿದರು. ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಆಗಿತ್ತಾ ಎಂದರು. ಆ ರಿಲೇಯ ದಿನ ನನಗೆ ಎಂದೆ. ಕಾಲು ಎಷ್ಟು ಹೊತ್ತು ಬಿಗಿದಿತ್ತು, ಅದಕ್ಕೂ ಮೊದಲು ಆಗಿತ್ತಾ, ಬಿಸಿಲಿತ್ತಾ, ಹೇಗೆ ಬಿದ್ದಿರಿ ಎಂದೆಲ್ಲ ಕೇಳಿದರು. ನನಗೆ ಉತ್ತರ ಬರಲಿಲ್ಲ. ಆ ದಿನ ಕಣ್ಣು ಮುಚ್ಚಿಕೊಂಡಿದ್ದೆ. ಆಮೇಲೆ ಮರೆಯಲು ಬಹಳ ಕಷ್ಟಪಟ್ಟಿದ್ದೇನೆ. "ಆಗ ಹತ್ರದಿಂದ ನೋಡಿದೋರು ಯಾರಾದ್ರೂ ಇದ್ರೆ ಅವರ ಕೈಲಿ ಬರೆಸ್ಕೊಂಡು ಬರ್ರಿ, ಉಪಯೋಗ ಆಗ್ತದೆ," ಎಂದರು.

ನಮ್ಮನ್ನು ಓಡಿಸುತ್ತಿದ್ದ ನಾಗೇಂದ್ರಪ್ಪ ಮಾಸ್ತರು ತೀರಿಕೊಂಡರು. ತಂಡದ ಉಳಿದ ಇಬ್ಬರು ಹುಡುಗಿಯರು ಎಲ್ಲಿದ್ದಾರೋ. ನನ್ನನ್ನು ಹತ್ತಿರದಿಂದ ನೋಡಿದವರು ನೀವೊಬ್ಬರೇ. ಹೊನ್ನಾಳಿ ಮೈದಾನದಲ್ಲಿ ಆ ದಿನ ಏನು ನೋಡಿದಿರಿ, ಅದಕ್ಕೂ ಮೊದಲು ಏನು ನೋಡಿದ್ದಿರಿ, ಇದ್ದದ್ದು ಇದ್ದ ಹಾಗೆ ಒಂದು ಹಾಳೆಯಲ್ಲಿ ಬರೆದುಕೊಡಿ. ಇಷ್ಟೇ ಕೇಳುವುದು.

ಇಂತಿ
ಲಕ್ಷ್ಮೀದೇವಿ ತಿಪ್ಪೇಶ್

* * *

ಚನ್ನಗಿರಿ
27 ಜುಲೈ 2025

ಪ್ರೀತಿಯ ಲಕ್ಷ್ಮೀ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನು ಎಂದು ತಿಳಿಯಿತು. ನಿನ್ನ 'ಶ' ಇವತ್ತಿಗೂ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ನನ್ನನ್ನು ಮೇಡಂ ಎನ್ನಬೇಡ.

ಎಷ್ಟೊಂದು ನೆನಪಾಯಿತು. ಗೋವಿನಕೋವಿಯಿಂದ ಮೊದಲ ಬಸ್ಸಿಗೆ ನೀನು ಬರುತ್ತಿದ್ದೆ, ಲಂಗದ ಮಡಿಲಲ್ಲಿ ಹುರಿದ ಶೇಂಗಾ, ಬೆಲ್ಲ. ನಾಲೆ ಏರಿಯ ಮೇಲೆ ನಾವು ನಾಲ್ವರು ಓಡುವಾಗ ಗದ್ದೆಗೆ ನೀರು ಕಟ್ಟುವವರು ಗುದ್ದಲಿ ನಿಲ್ಲಿಸಿ ನೋಡುತ್ತಿದ್ದರು. ನಿನಗೂ ನನಗೂ ಸೇರಿ ಒಂದೇ ಜೊತೆ ಕ್ಯಾನ್ವಾಸ್ ಶೂ ಇತ್ತು, ನೆನಪಿದೆಯೇ. ನನಗೆ ದೊಡ್ಡದಾಗುತ್ತಿತ್ತು. ನಮ್ಮ ಅಬ್ಬಾ ನಬೀಸಾಬ್ ಹಾಸಿಗೆಗೆಂದು ಹಿಂಜಿದ ಅರಳೆಯನ್ನು ಅದರ ಮೂತಿಗೆ ತುಂಬಿ ಕೊಡುತ್ತಿದ್ದರು. ಇಬ್ಬರೂ ಓಡಿ ಗೆದ್ದರೆ ಇನ್ನೊಂದು ಜೊತೆ ಕೊಡಿಸುತ್ತೇನೆ ಎಂದಿದ್ದರು. ಅಬ್ಬಾ ಹೋಗಿ ಆರು ವರ್ಷವಾಯಿತು.

ಧನುಶ್ರೀಯ ವಿಷಯ ಓದಿ ನನಗೆ ಗೊತ್ತಿರುವುದನ್ನೆಲ್ಲ ತಿರುವಿ ಹಾಕಿದೆ. ಡಾಕ್ಟರೇ ತೀರ್ಮಾನ ಹೇಳಬೇಕು, ಆದರೂ ನನಗೆ ಏನು ಅನ್ನಿಸುತ್ತದೆ ಎಂದು ಬರೆಯುತ್ತೇನೆ.

ಜೋರಾಗಿ ಓಡುವಾಗ ಸ್ನಾಯುವಿನ ಜೀವಕೋಶಗಳು ಸಕ್ಕರೆಯನ್ನು ಅವಸರದಲ್ಲಿ ಒಡೆಯುತ್ತವೆ. ಉಸಿರಿನ ಗಾಳಿ ಬಂದು ತಲುಪುವಷ್ಟೂ ಕಾಯುವುದಿಲ್ಲ. ಆಗ ಉಳಿಯುವುದು ಲ್ಯಾಕ್ಟಿಕ್ ಆಮ್ಲ, ಮೊಸರನ್ನು ಹುಳಿ ಮಾಡುತ್ತದಲ್ಲ, ಅದೇ. ಅದು ವಿಷವೇನಲ್ಲ. ಹೊರಗೆ ಬಂದರೆ ಹೃದಯವೇ ಅದನ್ನು ಉಣ್ಣುತ್ತದೆ. ಆದರೆ ಹೊರಗೆ ಬರಬೇಕಲ್ಲ. ಜೀವಕೋಶದ ಸುತ್ತ ಜಿಡ್ಡಿನ ತೆಳುವಾದ ಪೊರೆ ಇದೆ. ಅದನ್ನು ತೂರಿಕೊಂಡು ಹೋಗಲು ಇದಕ್ಕೆ ಆಗುವುದಿಲ್ಲ. ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನ ಬಾಗಿಲುಗಳಿವೆ, ಅವುಗಳ ಮೂಲಕವೇ ಹೋಗಬೇಕು.

ನಿಮ್ಮ ಕುರಿ ರೊಪ್ಪವನ್ನು ನೆನೆಸಿಕೋ. ಗಿಡ್ಡ ಬಾಗಿಲು, ಒಂದೊಂದೇ ಕುರಿ ದಾಟಬೇಕು. ಲ್ಯಾಕ್ಟೇಟ್ ಎಂಬ ಕುರಿ ಒಂಟಿಯಾಗಿ ದಾಟುವುದಿಲ್ಲ. ಪಕ್ಕದಲ್ಲಿ ಹೈಡ್ರೋಜನ್ ಎಂಬ ಸಣ್ಣ ಮರಿ ಇದ್ದರೇ ಹೊರಡುತ್ತದೆ. ಆ ಮರಿಯೇ ಹುಳಿ. ಎರಡೂ ಜೊತೆಯಲ್ಲಿ ಹೊರಬಿದ್ದರೆ ಒಳಗೆ ಹುಳಿ ಕಡಿಮೆಯಾಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಬಾಗಿಲುಗಳಲ್ಲಿ ಅರ್ಧದಷ್ಟು ಸರಿಯಾಗಿ ತೆರೆಯುವುದಿಲ್ಲ. ನಡೆದಾಡಿದರೆ ಏನೂ ತಿಳಿಯುವುದಿಲ್ಲ. ಬಿಸಿಲಲ್ಲಿ ಜೋರಾಗಿ ಓಡಿದರೆ ಒಳಗೆ ನೂಕುನುಗ್ಗಲಾಗಿ ಸ್ನಾಯು ಹಿಡಿದುಕೊಳ್ಳುತ್ತದೆ. ಬಹಳ ಅಪರೂಪದ ತೊಂದರೆ. ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಬರಬಹುದು. ಉಪವಾಸ ಮಾಡಿದಾಗ ಮೈಯಲ್ಲಿ ತಯಾರಾಗುವ ಕೀಟೋನ್ ಎಂಬ ಪದಾರ್ಥಗಳೂ ಇದೇ ಬಾಗಿಲಲ್ಲಿ ಓಡಾಡುತ್ತವೆ. ಉಪವಾಸವಿದ್ದರೆ ನಿನಗೆ ಏನಾದರೂ ಆಗುತ್ತದೆಯೇ?

ಧನುಶ್ರೀ ಸದ್ಯ ಓಡುವುದು ಬೇಡ. ನೀರು ಚೆನ್ನಾಗಿ ಕುಡಿಯಲಿ. ಹತ್ತಿರವಿದ್ದಿದ್ದರೆ ನಾನೇ ಬಂದು ನೋಡುತ್ತಿದ್ದೆ.

ನಿನ್ನ
ಶಾಯಿಸ್ತಾ

* * *

ಬಿಳಿಚೋಡು
10 ಆಗಸ್ಟ್ 2025

ಶಾಯಿಸ್ತಾ ಅವರಿಗೆ,

ಬಾಗಿಲಿನ ವಿಷಯ ತಿಳಿಯಿತು. ತಿಪ್ಪೇಶ್‌ಗೂ ಓದಿ ಹೇಳಿದೆ. ನಿನ್ನ ಗೆಳತಿ ಕುರಿ ಕಾದವಳೇನು ಎಂದು ಕೇಳಿದರು. ಉಪವಾಸ ನನಗೆ ಆಗುವುದಿಲ್ಲ. ಪ್ರತಿ ಶಿವರಾತ್ರಿ ಮಧ್ಯಾಹ್ನದ ಹೊತ್ತಿಗೆ ವಾಂತಿ. ನನ್ನ ಭಕ್ತಿಯೇ ಸಾಲದು ಎಂದು ಅತ್ತೆ ಅನ್ನುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ.

ಆದರೆ ನಾನು ಕೇಳಿದ್ದನ್ನು ನೀವು ಬರೆದಿಲ್ಲ.

ಧನುಶ್ರೀಗೆ ಕ್ಲಾಸಿನ ಹುಡುಗಿಯರು 'ಕುಂತ ಕುದುರೆ' ಎಂದು ಹೆಸರಿಟ್ಟಿದ್ದಾರೆ. ವಾರದಿಂದ ಶಾಲೆಗೆ ಹೋಗುತ್ತಿಲ್ಲ. ಮೊನ್ನೆ ಜೋಳ ಕೇರುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, "ಅವ್ವ, ನಾನು ಬೇಕಂತನೇ ಕುಂತೆನಾ? ನಂಗೇ ಗೊತ್ತಾಗ್ತಿಲ್ಲ," ಎಂದಳು.

ಅದೇ ಪ್ರಶ್ನೆಯನ್ನು ನಾನು ನನಗೆ ಇಷ್ಟು ವರ್ಷ ಕೇಳಿಕೊಂಡಿದ್ದೇನೆ.

ಡಾಕ್ಟರು ಸೆಪ್ಟೆಂಬರ್ 22ಕ್ಕೆ ಬರಲು ಹೇಳಿದ್ದಾರೆ.

ಇಂತಿ
ಲಕ್ಷ್ಮೀದೇವಿ

* * *

ಚನ್ನಗಿರಿ
12 ಸೆಪ್ಟೆಂಬರ್ 2025

ಲಕ್ಷ್ಮೀ,

ಒಂದು ತಿಂಗಳು ತಡವಾಯಿತು. ಕಾಲೇಜಿನ ಕೆಲಸವಿತ್ತು ಎಂದು ಬರೆದು, ಅದನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರಿಗೆಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ಇಲ್ಲದ್ದೂ ಇದರಲ್ಲಿದೆ.

ಓಟಕ್ಕೆ ಮೂರು ವಾರ ಮೊದಲು, ನಾಲೆ ಏರಿಯ ಮೇಲೆ, ಉಳಿದಿಬ್ಬರು ಹಿಂದೆ ಬಿದ್ದಿದ್ದಾಗ ನೀನು ಕುಸಿದೆ. ನಾನೇ ನಿನ್ನ ತೊಡೆ ಉಜ್ಜಿದೆ. ಅಂಗೈಗೆ ಕಲ್ಲು ಸಿಕ್ಕ ಹಾಗಿತ್ತು. ಅರ್ಧ ಗಂಟೆ ನಿನಗೆ ಕಾಲು ಮಡಿಸಲಾಗಲಿಲ್ಲ. ಆ ಸಂಜೆ ನೀನು ಹೆದರಿ ನನ್ನನ್ನು ಕರೆದು ಮೂತ್ರದ ಬಣ್ಣ ತೋರಿಸಿದೆ, ಕಂದು ಬಣ್ಣವಿತ್ತು. ಮಾಸ್ತರಿಗೆ ಹೇಳೋಣ ಎಂದೆ ನೀನು. ಬೇಡ ಎಂದವಳು ನಾನು. ಹೇಳಿದರೆ ನಿನ್ನನ್ನು ತಂಡದಿಂದ ತೆಗೆಯುತ್ತಾರೆ, ನಿನ್ನಷ್ಟು ವೇಗದವಳು ಬೇರೆ ಇಲ್ಲ, ಹೊನ್ನಾಳಿಯಲ್ಲಿ ಗೆದ್ದರೆ ದಾವಣಗೆರೆ, ಅಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ. ನನಗೆ ಆ ಹಾಸ್ಟೆಲ್ ಬೇಕಿತ್ತು. ನಿನ್ನ ಕೈ ನನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿಕೊಂಡೆ.

ಹೊನ್ನಾಳಿಯಲ್ಲಿ ಆ ದಿನ ಮಳೆ ಬಿಟ್ಟು ಉರಿಬಿಸಿಲು. ನಾನು ಗೆರೆಯ ಮೇಲೆ ನಿಂತು ಹಿಂದೆ ನೋಡುತ್ತಿದ್ದೆ. ನೀನು ಮೂರನೆಯವಳು. ಎರಡನೇ ತಂಡಕ್ಕಿಂತ ಹತ್ತು ಮೀಟರ್ ಮುಂದಿದ್ದೆ. ನನ್ನಿಂದ ಅರವತ್ತು ಮೀಟರ್ ದೂರವಿರುವಾಗ ನಿನ್ನ ಹೆಜ್ಜೆ ಸಣ್ಣದಾಯಿತು. ಎರಡೂ ಮೊಣಕಾಲು ಒಟ್ಟಿಗೆ ನೆಲಕ್ಕೆ ಬಿದ್ದವು. ಇದು ನಿನಗೆ ನೆನಪಿಲ್ಲದಿರಬಹುದು, ನನಗಿದೆ: ನೀನು ಕೂರಲಿಲ್ಲ, ಲಕ್ಷ್ಮೀ. ತೆವಳಿದೆ. ಬ್ಯಾಟನ್ ಹಿಡಿದ ಕೈಯನ್ನು ಮುಂದೆ ಚಾಚಿ ನನ್ನ ಕಡೆ ತೆವಳಿಕೊಂಡು ಬರುತ್ತಿದ್ದೆ. ಏಳೆಂಟು ಮಾರು ಬಂದಿರಬೇಕು. ಉಳಿದವರೆಲ್ಲ ಗೆರೆ ದಾಟಿದ ಮೇಲೆ ನೀನು ಕಣ್ಣು ಮುಚ್ಚಿದೆ.

ನಿನ್ನನ್ನು ಎತ್ತಿ ಬೇವಿನ ಮರದ ಕೆಳಗೆ ಮಲಗಿಸಿದರು. ನಾಗೇಂದ್ರಪ್ಪ ಮಾಸ್ತರು ನನ್ನನ್ನು ಕರೆದು, "ಇವಳಿಗೆ ಮೊದ್ಲೇ ಏನಾದ್ರೂ ಆಗಿತ್ತೇನಮ್ಮ? ನೀನೇ ಅಲ್ಲವಾ ಯಾವಾಗ್ಲೂ ಜೊತೆಗಿರಾಕೆ," ಎಂದರು. ನಾನು ಹೇಳಿದ್ದು: "ಇಲ್ಲ ಸಾರ್. ಏನೂ ಆಗಿರ್ಲಿಲ್ಲ. ಬೇಕಂತನೇ ಕುಂತಳು."

ಸಿಟ್ಟಿನಲ್ಲಿ ಬಂದ ಮಾತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸಿಟ್ಟು ಇತ್ತು. ಆದರೆ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. ಆಗಿತ್ತು ಎಂದಿದ್ದರೆ ಯಾಕೆ ಮುಚ್ಚಿಟ್ಟಿರಿ ಎಂದು ಕೇಳುತ್ತಿದ್ದರು. ಮಾಸ್ತರು ನನ್ನ ಮಾತು ನಂಬಿದರು. ನಂಬದಿದ್ದರೆ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು, ಎಲ್ಲರೆದುರು ನಾಟಕ ಎನ್ನುತ್ತಿರಲಿಲ್ಲ.

ಪ್ರತಿ ವರ್ಷ ಜೀವಕೋಶದ ಪೊರೆಯ ಪಾಠ ಮಾಡುವಾಗ ನಿನ್ನ ಹೆಸರು ಬಾಯಿಗೆ ಬಂದು ಹೋಗುತ್ತದೆ. ನಿನ್ನ ವಿಳಾಸ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಅದೂ ಸುಳ್ಳಾಗುತ್ತದೆ. ನಮ್ಮ ಅಮ್ಮಿಯ ಮನೆಯಿಂದ ಗೋವಿನಕೋವಿಗೆ ಬಸ್ಸಿದೆ.

ಶಾಯಿಸ್ತಾ

* * *

ಬಿಳಿಚೋಡು
5 ಅಕ್ಟೋಬರ್ 2025

ಶಾಯಿಸ್ತಾ,

ನಿನ್ನ ಕಾಗದ ಶಾಲೆಯ ವಿಳಾಸಕ್ಕೆ ಬಂತು. ಮಕ್ಕಳ ಊಟ ಮುಗಿದು ಪಾತ್ರೆ ನೆನೆಹಾಕಿ, ಅಡಿಗೆ ಕೋಣೆಯಲ್ಲೇ ಓದಿದೆ. ಮನೆಗೆ ಬಂದು ಧನುಶ್ರೀಗೆ ಗಟ್ಟಿಯಾಗಿ ಓದಿದೆ. ತೆವಳಿದೆ ಎಂಬಲ್ಲಿ ನಿಲ್ಲಿಸಿ ಇನ್ನೊಂದು ಸಲ ಓದು ಎಂದಳು. ಓದಿದೆ. ಅವಳು ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಅಷ್ಟು ವರ್ಷದ ಗಾಯ ಈಗ ಎಲ್ಲಿರುತ್ತದೆ. ಮಾರನೆಯ ದಿನ ಶಾಲೆಗೆ ಹೋದಳು.

ನೀನು ಮಾಸ್ತರಿಗೆ ಹೇಳಿದ್ದು ನನಗೆ ಆ ದಿನವೇ ಕೇಳಿಸಿತ್ತು. ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ. ಮೊದಲು ನಿನ್ನ ಮೇಲೆ ಉರಿಯುವಷ್ಟು ಸಿಟ್ಟಿತ್ತು. ಆಮೇಲೆ ಏನಾಯಿತು ಗೊತ್ತೇ. ಶಾಯಿಸ್ತಾ ಸುಳ್ಳು ಹೇಳುವವಳಲ್ಲ, ನಾನೇ ಕೂತಿರಬೇಕು ಎನ್ನಿಸತೊಡಗಿತು. ಮಾಸ್ತರ ಮಾತು ಕಿವಿಗೆ ಬಿದ್ದು ಅಪ್ಪ ಓಬಣ್ಣ ಎರಡು ತಿಂಗಳು ಸ್ಕೂಲಿಗೆ ಕಳಿಸಲಿಲ್ಲ. ಹೇಗೋ ಪರೀಕ್ಷೆ ಬರೆದು ಪಾಸಾದೆ. ಕಾಲೇಜಿಗೆ ಸೇರು ಎಂದು ಅವ್ವ ಹೇಳಿದಳು. ನಾನೇ ಬೇಡವೆಂದೆ. ಅರ್ಧ ದಾರಿಯಲ್ಲಿ ಕೂರುವವಳು ನಾನು ಎಂದು ನನಗೇ ಗಟ್ಟಿಯಾಗಿಬಿಟ್ಟಿತ್ತು. ಮದುವೆಯಾಗಿ ಬಂದ ಮೇಲೆ ನೀರು ಹೊರುವಾಗ, ಹೊಲದಲ್ಲಿ ಕಳೆ ಕೀಳುವಾಗ ಕಾಲು ಹಿಡಿದರೆ ಸೋಮಾರಿತನ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೇನೆ.

ಡಾಕ್ಟರು ನಿನ್ನ ಹಾಳೆಯನ್ನು ಎರಡು ಸಲ ಓದಿ ಫೈಲಿಗೆ ಹಾಕಿದರು. ಇಬ್ಬರ ರಕ್ತವನ್ನೂ ತೆಗೆದು ಬೆಂಗಳೂರಿಗೆ ಕಳಿಸಿದ್ದಾರೆ. ಎಂಟು ವಾರವಾದರೂ ಬೇಕಂತೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಬರೆಯಲಾಗಲಿಲ್ಲ. ಇಷ್ಟೆಲ್ಲ ಆದ ಮೇಲೆ ನಾವಿಬ್ಬರೂ ಸುಳ್ಳು ಬರೆದುಕೊಳ್ಳುವುದು ಬೇಡ.

ಲಕ್ಷ್ಮೀದೇವಿ

* * *

ಚನ್ನಗಿರಿ
9 ನವೆಂಬರ್ 2025

ಲಕ್ಷ್ಮೀ,

ನೀನು ಬರೆಯದಿದ್ದದ್ದೇ ಸರಿ.

ಕಳೆದ ವಾರ ಕೆಲಸದ ಮೇಲೆ ಹೊನ್ನಾಳಿಗೆ ಹೋಗಿದ್ದೆ. ಮುಗಿದ ಮೇಲೆ ಮೈದಾನಕ್ಕೆ ಹೋದೆ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೆಲವು ಹುಡುಗಿಯರು ಕೊಕ್ಕೊ ಆಡುತ್ತಿದ್ದರು. ನಾನು ನಿಂತಿದ್ದ ಗೆರೆ ಎಲ್ಲಿತ್ತು ಎಂದು ಅಂದಾಜು ಮಾಡಿ, ಅಲ್ಲಿಂದ ಹಿಂದಕ್ಕೆ ಅರವತ್ತು ದೊಡ್ಡ ಹೆಜ್ಜೆ ಎಣಿಸುತ್ತ ನಡೆದೆ. ಲಕ್ಷ್ಮೀ, ಅದು ಎಷ್ಟು ಹತ್ತಿರ. ಆ ದಿನ ನಾನು ಗೆರೆ ಬಿಟ್ಟು ನಿನ್ನ ಕಡೆ ಓಡಿ ಬಂದಿದ್ದರೆ ಹತ್ತು ಹನ್ನೆರಡು ಸೆಕೆಂಡು ಸಾಕಾಗುತ್ತಿತ್ತು. ಗೆರೆ ದಾಟಿದರೆ ಫೌಲಾಗುತ್ತದೆ ಎಂದು ನಿಂತೇ ಇದ್ದೆ, ಓಟ ಮುಗಿದ ಮೇಲೂ.

ಒಂದು ಕೇಳುತ್ತೇನೆ. ನಿಮ್ಮ ಶಾಲೆಗೆ ಬಂದು ಕೊಟ್ರೇಶ್ ಸರ್ ಎದುರು, ಆ ಹುಡುಗಿಯರ ಎದುರು, ನಾನು ಮಾಡಿದ್ದನ್ನು ಹೇಳಬೇಕೆಂದಿದೆ. ನನ್ನ ಗಂಡ ಕಲೀಮುಲ್ಲಾಗೆ ಎಲ್ಲ ಹೇಳಿದ್ದೇನೆ. ಹೋಗು ಎಂದಿದ್ದಾರೆ. ನೀನು ಬೇಡ ಎಂದರೆ ಬರುವುದಿಲ್ಲ.

ಶಾಯಿಸ್ತಾ

* * *

ಬಿಳಿಚೋಡು
6 ಡಿಸೆಂಬರ್ 2025

ಶಾಯಿಸ್ತಾ,

ವರದಿ ಬಂತು. ನೀನು ಅಂದುಕೊಂಡದ್ದೇ. ನನಗೂ ಇದೆ, ಅವಳಿಗೂ ಇದೆ. ಬಾಗಿಲು ಮಾಡುವ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ತಪ್ಪಿದೆಯಂತೆ. ಡಾಕ್ಟರು ನನ್ನ ಕಡೆ ತಿರುಗಿ, "ನೀವು ಓಡಿದ್ದೇ ದೊಡ್ಡದು ಕಣ್ರೀ," ಎಂದರು. ಬಸ್ ಸ್ಟ್ಯಾಂಡಿನಲ್ಲಿ ತಿಪ್ಪೇಶ್ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು.

ನನಗೆ ಹಗುರವಾಯಿತು. ಧನುಶ್ರೀಗೆ ಹಾಗಲ್ಲ. ನಿಧಾನವಾಗಿ ನಡೆಯಬಹುದು, ಕಾಲು ಬಿಗಿಯಾದರೆ ನಿಲ್ಲಬೇಕು, ಉಪವಾಸ ಮಾಡಬಾರದು, ಜೋರಾಗಿ ಓಡುವಂತಿಲ್ಲ ಎಂದಿದ್ದಾರೆ. ಅವಳು ವರದಿಯನ್ನು ಕಿತ್ತುಕೊಂಡು ಹಿತ್ತಲಿಗೆ ಹೋದಳು. ಸೋಮಾರಿ ಅಂದಿದ್ದರೆ ನಾಳೆ ಓಡಿ ತೋರಿಸಬಹುದಿತ್ತು, ಈಗ ಅದೂ ಇಲ್ಲ ಎಂದು ಅತ್ತಳು. ಎರಡು ಹೊತ್ತು ಊಟ ಬಿಟ್ಟಳು. ಉಪವಾಸ ಮಾಡುವಂತಿಲ್ಲ ಎಂದು ನೆನಪು ಮಾಡಿದಾಗ ಇನ್ನಷ್ಟು ಅತ್ತಳು. ನನ್ನನ್ನು ಬಿಡಿಸಿದ ಕಾಗದವೇ ಅವಳನ್ನು ಕಟ್ಟಿ ಹಾಕಿತು.

ಕೊಟ್ರೇಶ್ ಸರ್‌ಗೆ ವರದಿ ತೋರಿಸಿದೆ. ಓದಿ ಮಡಚಿ ಕೊಟ್ಟರು. ಅಡಿಗೆ ಕೋಣೆಯ ಬಾಗಿಲವರೆಗೆ ಬಂದು, "ನಂಗೆ ತಿಳೀಲಿಲ್ಲ ಲಕ್ಷ್ಮೀದೇವಮ್ಮ," ಎಂದರು. ಹುಡುಗಿಯರು ಮಾತ್ರ ಇನ್ನೂ ಅದೇ ಹೆಸರು ಕರೆಯುತ್ತಾರೆ.

20ನೇ ತಾರೀಖು ಶನಿವಾರ ಬೆಳಗಿನ ಶಾಲೆ ಇದೆ. ದಾವಣಗೆರೆಯಿಂದ ಜಗಳೂರು ಬಸ್ಸು ಹತ್ತಿದರೆ ಬಿಳಿಚೋಡಿನಲ್ಲಿ ನಿಲ್ಲಿಸುತ್ತಾರೆ. ಬಾ.

ಲಕ್ಷ್ಮೀ

* * *

ಬಿಳಿಚೋಡು
28 ಡಿಸೆಂಬರ್ 2025

ಶಾಯಿಸ್ತಾ,

ನೀನು ಬಸ್ಸು ಹತ್ತಿದ ಮೇಲೆ ಮನೆ ಖಾಲಿ ಖಾಲಿ ಎನ್ನಿಸಿತು. ಎದುರಿಗಿದ್ದಾಗ ಹೇಳಲಾಗದ್ದು ಕೆಲವಿದೆ.

ಮೈದಾನದಲ್ಲಿ ಅಷ್ಟು ಮಕ್ಕಳ ಎದುರು ನಿಂತು ನೀನು, "ಇವಳು ತೆವಳಿಕೊಂಡು ಬರ್ತಿದ್ಲು. ನಾನು ನೋಡ್ತಾ ನಿಂತಿದ್ದೆ. ಆಮೇಲೆ ಸುಳ್ಳು ಹೇಳಿದೆ," ಎಂದೆಯಲ್ಲ, ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ ತಲೆ ತಗ್ಗಿಸಿದಳು. ಆ ಹೆಸರಿಟ್ಟವಳು ಅವಳೇ. ಸೋಮವಾರ ಅವಳು ಊಟಕ್ಕೆ ಧನುಶ್ರೀಯ ಪಕ್ಕ ಬಂದು ಕೂತಳು. ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಧನುಶ್ರೀ ಇನ್ನೂ ಓಟದ ಹೊತ್ತಿಗೆ ಮೈದಾನದ ಕಡೆ ಬೆನ್ನು ಮಾಡಿ ಕೂರುತ್ತಾಳೆ. ಅದಕ್ಕೆ ಕಾಲ ಬೇಕು. ನಿನ್ನ ನಂಬರನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಜೀವಕೋಶದ ಬಗ್ಗೆ ಕೇಳುವುದಿದೆಯಂತೆ.

ನೀನು ಬಂದ ದಿನ ಸಂಜೆ ನಾವಿಬ್ಬರೂ ಕುರಿಗಳನ್ನು ನೋಡಲೆಂದು ಗುಡ್ಡದ ಕಡೆ ಹೊರಟೆವಲ್ಲ. ನೀನು ನ್ಯಾಮತಿಯ ಮಾತು ತೆಗೆದಿದ್ದೆ, ಬಸ್ಸಿನ ಕಂಡಕ್ಟರು ನಮ್ಮನ್ನು ನಾಲ್ಕು ಕುದುರೆ ಎನ್ನುತ್ತಿದ್ದದ್ದು. ನಾನು ನಗುತ್ತಿದ್ದೆ. ಏರು ಶುರುವಾಗಿ ನೂರು ಹೆಜ್ಜೆಯಾಗಿರಬೇಕು, ತೊಡೆ ಹಿಡಿದುಕೊಂಡಿತು. ಮದುವೆಯಾಗಿ ಬಂದ ಈ ಹದಿನಾರು ವರ್ಷದಲ್ಲಿ ಹೀಗೆ ನಿಂತಾಗೆಲ್ಲ ಜೊತೆಯವರಿಗೆ ಏನಾದರೊಂದು ಹೇಳಿದ್ದೇನೆ. ಮುಳ್ಳು ಚುಚ್ಚಿತು, ಚಪ್ಪಲಿ ಕಿತ್ತಿತು, ಏನೋ ಮರೆತು ಬಂದೆ. ಆ ದಿನವೂ ಮುಳ್ಳು ಎಂಬ ಮಾತು ಬಾಯಿಗೆ ಬಂದಿತ್ತು.

ನಿನ್ನ ಕಡೆ ನೋಡಿದೆ. ನೀನೂ ನಿಂತಿದ್ದೆ. ಯಾಕೆ ಎಂದು ಕೇಳಲಿಲ್ಲ. ಕಾಲಿನ ಕಡೆ ನೋಡಲೂ ಇಲ್ಲ. ಕೆಳಗಿನ ಹೊಲಗಳನ್ನು ನೋಡುತ್ತ, ಅವಸರವೇ ಇಲ್ಲದವಳ ಹಾಗೆ ನಿಂತಿದ್ದೆ. ನಾನೂ ಏನೂ ಹೇಳಲಿಲ್ಲ. ಕಾಲು ಸಡಿಲವಾಗುವವರೆಗೆ ಇಬ್ಬರೂ ಹಾಗೇ ನಿಂತೆವು. ಆಮೇಲೆ ನಡೆದೆವು.

ಅಕ್ಟೋಬರಿನಲ್ಲಿ ಬರೆಯಲಾಗದ ಮಾತೊಂದಿತ್ತಲ್ಲ. ಅದನ್ನು ಈಗ ಬರೆಯಬೇಕಾದ್ದಿಲ್ಲ ಎಂದು ಕಾಣುತ್ತದೆ.

ನಿನ್ನ
ಲಕ್ಷ್ಮೀ